ಹಲಸು ಕೇಳಿದರೆ ಸಿದ್ದರಾಮಯ್ಯ ಬರುತ್ತಾರೆ
(ದೊಡ್ಡ ಕನ್ನಡ ಸುದ್ದಿ ಜಾಲತಾಣವೊಂದರ ಪ್ರಧಾನ ಸಂಪಾದಕರಿಗೆ ಬಹಿರಂಗ ಪತ್ರ)

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಹೆಸರನ್ನು ಬೇಕೆಂದೇ ಹಾಕಿಲ್ಲ. ನಾನು ಹೇಳುವ ತೊಂದರೆ ನಿಮ್ಮೊಬ್ಬರದೇ ಅಲ್ಲ. ಬೇರೆ ಸಂಪಾದಕರು ಇದನ್ನು ಓದಿ ತಮಗೇ ಬರೆದದ್ದು ಅಂದುಕೊಂಡರೂ ನನಗೆ ಸಂತೋಷವೇ.

ನಿಮ್ಮ ಜಾಲತಾಣದ ಹುಡುಕಾಟದ ಪೆಟ್ಟಿಗೆಯಲ್ಲಿ ‘ಸಿದ್ದು ಹಲಸು’ ಎಂದು ಬರೆದರೆ ಪುಟದ ತುಂಬ ಸಿದ್ದರಾಮಯ್ಯನವರು. ದೆಹಲಿಗೆ ಹೊರಟ ಸಿದ್ದು, ಬಜೆಟ್ ಓದಿದ ಸಿದ್ದು, ಗರಂ ಆದ ಸಿದ್ದು. ತಲೆಬರಹದಲ್ಲಿ ಜಾಗ ಸಾಲದೆಂದು ನಿಮ್ಮವರೇ ಗಿಡ್ಡ ಮಾಡಿದ ಹೆಸರದು. ನಮ್ಮ ಸಿದ್ದು ಬೇರೆ. ಚೇಳೂರಿನ ಎಸ್.ಎಸ್. ಪರಮೇಶ್ ಅವರ ತೋಟದ ಹಲಸಿನ ಮರ ಅದು, ನೆಟ್ಟವರು ಅವರ ತಂದೆ ಸಿದ್ದಪ್ಪನವರು. ಹಣ್ಣು ಸಣ್ಣದು, ಎರಡೂವರೆ ಕೆ.ಜಿ. ಆಸುಪಾಸು. ತೊಳೆ ಮಾತ್ರ ತಾಮ್ರದಂಥ ಕೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ತಳಿಗೆ ಸಿದ್ದಪ್ಪನವರ ಹೆಸರನ್ನೇ ಇಟ್ಟರು. ಸಸಿ ಮಾರಿ ಬಂದ ಹಣದಲ್ಲಿ ಶೇ 75ರಷ್ಟು ರೈತನಿಗೇ ಸೇರಬೇಕೆಂದು ಒಪ್ಪಂದವೂ ಆಯಿತು. ಇದೆಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿಯೇ. ಸಸಿ ಎಲ್ಲಿ ಸಿಗುತ್ತದೆ, ಕಸಿ ಗಿಡ ಎಷ್ಟು ವರ್ಷಕ್ಕೆ ಫಲಕ್ಕೆ ಬರುತ್ತದೆ ಎಂದು ತಿಳಿಯಬಯಸುವ ರೈತ ಸಿದ್ದರಾಮಯ್ಯನವರ ಅಷ್ಟೂ ಪ್ರವಾಸಗಳನ್ನು ದಾಟಿಕೊಂಡು ಅಲ್ಲಿಗೆ ಹೋಗಬೇಕು. ಎರಡು ಪದ ಕೊಟ್ಟರೆ ಎರಡೂ ಇರುವ ಬರಹ ಮೇಲೆ ಬರಬೇಕು, ಅಷ್ಟೇ. ನಿಮ್ಮಲ್ಲಿ ಯಾವುದಾದರೂ ಒಂದು ಪದ ಇದ್ದರೂ ಸಾಕು, ಇವತ್ತಿನದಾಗಿದ್ದರೆ ಅದಕ್ಕೇ ಮೊದಲ ಪಂಕ್ತಿ.

ಊರಿನ ಹೆಸರಿನಿಂದ ಹುಡುಕೋಣವೆಂದರೆ ಅದೂ ಕಷ್ಟ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಂದು ಚೇಳೂರು ಇದೆ, ಅದೀಗ ತಾಲ್ಲೂಕು ಕೇಂದ್ರ. ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹೋಬಳಿ. ನಮ್ಮ ತಾಲ್ಲೂಕಿನದೇ ಆದ ಕಡಬ ಹೋಬಳಿಯವರ ಪಾಡೂ ಇದೇ. ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಮಳೆ, ಆನೆ ಎಲ್ಲ ಅವರ ಪಾಲಿಗೆ. ಇನ್ನು ಬರೀ ‘ಗುಬ್ಬಿ’ ಎಂದು ಕೇಳಿದವರಿಗೆ ಮಾರ್ಚ್ 20ರ ಗುಬ್ಬಚ್ಚಿ ದಿನದ ಲೇಖನಗಳೂ ಗುಬ್ಬಿ ವೀರಣ್ಣನವರ ಕಂಪನಿ ನಾಟಕಗಳೂ ಒಟ್ಟಿಗೆ. ಇದಕ್ಕೆ ಮದ್ದು ನಿಮ್ಮ ಸುದ್ದಿಯ ಮೊದಲ ಪದದಲ್ಲೇ ಇದೆ. ‘ಗುಬ್ಬಿ:’ ಎಂದು ಊರು ಹಾಕಿಯೇ ವರದಿಗಾರ ಸುದ್ದಿ ಶುರು ಮಾಡುತ್ತಾನೆ. ಸುದ್ದಿಯನ್ನು ಜಾಲತಾಣಕ್ಕೆ ಏರಿಸುವಾಗ ಆ ಊರನ್ನು ಜಿಲ್ಲೆ, ತಾಲ್ಲೂಕಿನ ಜೊತೆ ಬೇರೆಯಾಗಿ ದಾಖಲಿಸಿದರೆ ಓದುಗ ತನ್ನ ಜಿಲ್ಲೆಯನ್ನು ಆರಿಸಿಕೊಳ್ಳಬಹುದು.

ನನಗೆ ಹೆಚ್ಚು ಬೇಸರ ತರಿಸುವುದು ವ್ಯಾಕರಣದ ವಿಷಯ. ‘ಚೇಳೂರು’ ಎಂದು ಹುಡುಕಿದರೆ ‘ಚೇಳೂರಿನಲ್ಲಿ’, ‘ಚೇಳೂರಿಗೆ’ ಎಂದಿರುವ ಸುದ್ದಿ ಸಿಗುವುದಿಲ್ಲ. ಊರಿನ ಹೆಸರು ಪ್ರತ್ಯಯವಿಲ್ಲದೆ ಬರುವ ಕನ್ನಡ ವಾಕ್ಯ ಎಷ್ಟಿದ್ದಾವು? ಪ್ರತ್ಯಯ ಸೇರಿದಾಗ ಪದದ ಕೊನೆ ಏನಾಗುತ್ತದೆಂದು 13ನೇ ಶತಮಾನದಲ್ಲೇ ಕೇಶಿರಾಜ ಸೂತ್ರ ಕಟ್ಟಿ ಹೇಳಿದ್ದಾನೆ. ಕಂಪ್ಯೂಟರಿಗೆ ಬೇಕಾದದ್ದೂ ಸೂತ್ರವೇ. ಲೂಸೀನ್ ಎಂಬ ಮುಕ್ತ ಹುಡುಕಾಟ ತಂತ್ರಾಂಶದಲ್ಲಿ ಹಿಂದಿ, ಬಂಗಾಳಿ ಪದಗಳ ಪ್ರತ್ಯಯ ಕಳಚುವ ಏರ್ಪಾಡು ಬಹಳ ಹಿಂದಿನಿಂದ ಇದೆ. ಕನ್ನಡಕ್ಕೆ ಅದನ್ನು ಚೆನ್ನಾಗಿ ಮಾಡಿಸಿಕೊಳ್ಳುವ ಗರಜು ನಿಮ್ಮಂಥ ದೊಡ್ಡ ಸಂಸ್ಥೆಗಲ್ಲದೆ ಇನ್ನಾರಿಗೆ?

ಹೇಮಾವತಿ ನೀರಿನ ಸಂಗತಿ ಇದಕ್ಕಿಂತ ಗಂಭೀರ. ಕುಣಿಗಲ್ ಕಡೆಗೆ ನೀರು ಒಯ್ಯುವ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದಿದ್ದು ನಿಮಗೆ ಗೊತ್ತು. ಯಾವ ಸರ್ಕಾರ ಯಾವಾಗ ಏನು ಹೇಳಿತ್ತು ಎಂಬುದನ್ನು ಗುಬ್ಬಿಯವನೂ ನೋಡಬೇಕು, ಕುಣಿಗಲ್ಲಿನವನೂ ನೋಡಬೇಕು. ಆದರೆ ಅದೇ ಕಾಲುವೆ ಒಂದು ದಿನ ‘ಲಿಂಕ್ ಕೆನಾಲ್’, ಇನ್ನೊಂದು ದಿನ ‘ಎಕ್ಸ್‌ಪ್ರೆಸ್ ಕೆನಾಲ್’, ಮತ್ತೊಂದು ದಿನ ‘ನಾಲೆ’. ಸಾಲದ್ದಕ್ಕೆ ‘ಎಕ್ಸ್‌ಪ್ರೆಸ್’ ಎಂಬ ಪದದೊಳಗೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ‘ಸ್’ ಕೆಳಗೆ ‘ಪ್ರೆ’ ಒತ್ತಾಗಿ ಇಳಿಯದಂತೆ ತಡೆಯುವುದು ಅದೇ. ಉಪಸಂಪಾದಕರು ಅದನ್ನು ಹಾಕಿ ಬರೆದಿರುತ್ತಾರೆ, ನಾನು ಮೊಬೈಲಿನಲ್ಲಿ ಹಾಕದೆ ಬರೆದಿರುತ್ತೇನೆ; ಯಂತ್ರಕ್ಕೆ ಅವೆರಡೂ ಬೇರೆ ಬೇರೆ ಪದ. ಹುಡುಕುವ ಮುನ್ನ ಆ ಅಕ್ಷರವನ್ನು ಎರಡೂ ಕಡೆಯಿಂದ ತೆಗೆದುಬಿಡುವುದು ಬಲ್ಲವರಿಗೆ ಚಿಟಿಕೆ ಹೊಡೆಯುವಷ್ಟು ಸುಲಭ. ಅಡಿಕೆ–ಅಡಕೆ, ತಾಲ್ಲೂಕು–ತಾಲೂಕುಗಳನ್ನು ಒಂದೆಂದು ತಿಳಿಯಲು ಒಂದು ಪಟ್ಟಿ ಸಾಕು. ನಿಮ್ಮ ಡೆಸ್ಕಿನಲ್ಲಿ ಕಾಗುಣಿತದ ಪಟ್ಟಿ ಹೇಗೂ ಇರುತ್ತದೆ, ಅದರ ಎದುರಿಗೆ ಜನ ಬರೆಯುವ ರೂಪಗಳನ್ನೂ ಸೇರಿಸಿದರಾಯಿತು.

‘ಗೂಗಲ್‌ನಲ್ಲಿ ಹುಡುಕಿಕೊಳ್ಳಿ’ ಎಂದು ನಿಮ್ಮ ತಾಂತ್ರಿಕ ವಿಭಾಗದವರು ಹೇಳಬಹುದು. ಹುಡುಕುತ್ತೇವೆ, ಎಷ್ಟೋ ಸಲ ಸಿಗುತ್ತದೆ ಕೂಡ. ಆದರೆ ನಮ್ಮ ಕಣಜದ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿಟ್ಟು ಬದುಕುವುದು ಎಂಥ ಒಕ್ಕಲುತನ? ಅಲ್ಲದೆ ಜಿಲ್ಲಾ ಪುಟಗಳ ಇ-ಪೇಪರ್ ಬರೀ ಚಿತ್ರವಾಗಿದ್ದರೆ, ಯೂನಿಕೋಡ್‌ಗೆ ಮುಂಚಿನ ಬರಹಗಳು ಹಳೆಯ ಫಾಂಟಿನಲ್ಲೇ ಉಳಿದಿದ್ದರೆ, ಅದನ್ನು ಓದುವಂತೆ ಮಾಡಬೇಕಾದವರು ನೀವೇ. ಅಚ್ಚಾದ ಕನ್ನಡವನ್ನು ಓದಿ ಪಠ್ಯ ಮಾಡುವ ಟೆಸರ‍್ಯಾಕ್ಟ್‌ನಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅಲ್ಲಲ್ಲಿ ತಪ್ಪು ಓದೀತು, ಓದಲಿ. ಏನೂ ಸಿಗದಿರುವುದಕ್ಕಿಂತ ಅದು ವಾಸಿ.

ಎಲ್ಲವನ್ನೂ ಒಮ್ಮೆಗೇ ಮಾಡಿ ಎಂದು ಕೇಳುತ್ತಿಲ್ಲ. ಹುಡುಕಿದವರು ಏನು ಬರೆದರು, ಯಾವುದಕ್ಕೆ ‘ಫಲಿತಾಂಶ ಇಲ್ಲ’ ಎಂದು ಬಂತು ಎಂಬುದನ್ನು ನಿಮ್ಮ ಸರ್ವರ್ ಬರೆದಿಟ್ಟುಕೊಳ್ಳುವಂತೆ ಮೊದಲು ಮಾಡಿಸಿ. ಆ ಪಟ್ಟಿಯನ್ನು ವಾರಕ್ಕೊಮ್ಮೆ ತಾಂತ್ರಿಕ ವಿಭಾಗದವರ ಜೊತೆ ಒಬ್ಬ ಹಿರಿಯ ಉಪಸಂಪಾದಕರನ್ನೂ ಕೂರಿಸಿ ನೋಡಿಸಿ. ಇಬ್ಬರಲ್ಲಿ ಒಬ್ಬರೇ ಕೂತರೆ ಕೆಲಸ ಕೆಡುತ್ತದೆ. ಗುಬ್ಬಿ, ತುಮಕೂರು, ಕುಣಿಗಲ್ಲಿನ ನಿಮ್ಮ ವರದಿಗಾರರನ್ನೂ ಒಂದು ಮಾತು ಕೇಳಿ. ತಾವೇ ಬರೆದ ಹಳೆಯ ಸುದ್ದಿ ಬೇಕಾದಾಗ ಅವರು ಏನು ಮಾಡುತ್ತಾರೆಂದು.

ಹಲಸಿನ ಸುಗ್ಗಿ ಶುರುವಾಗುವುದರೊಳಗೆ ಎರಡು ಪದಗಳ ಆ ಮೊದಲ ದೋಷವನ್ನಾದರೂ ಸರಿಪಡಿಸಿಕೊಡಿ.

ಇಂತಿ,
ಚೇಳೂರಿನ ಒಬ್ಬ ಓದುಗ