ಗೇಟಿನಾಚೆ ನಿಂತವರ ಕ್ಷೇಮ



ಪ್ರತಿ ತಿಂಗಳ ಮೊದಲ ಪಕ್ಷದಲ್ಲಿ ನಮ್ಮ ಚಂದ್ರಾ ಲೇಔಟಿನ ಅಡ್ಡರಸ್ತೆಗಳಲ್ಲಿ ಒಂದು ಕೂಗು ತಪ್ಪದೆ ಕೇಳಿಬರುತ್ತದೆ: "ಕರೆಂಟ್ ಬಿಲ್ಲು!" ಬೆಸ್ಕಾಂ ಸಂಸ್ಥೆಯು 2002ರಲ್ಲಿಯೇ ಹುಟ್ಟಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅವರಿನ್ನೂ 'ಕೆ.ಇ.ಬಿ.ಯವರು'. ಮೀಟರ್ ನೋಡಿ, ಕೈಯಲ್ಲಿನ ಪುಟ್ಟ ಯಂತ್ರದಿಂದ ಚೀಟಿ ಹರಿದುಕೊಟ್ಟು ಮುಂದಿನ ಮನೆಗೆ ನಡೆಯುವ ಇವರಂತೆಯೇ ಜಲಮಂಡಳಿಯವರೂ ಸಿಲಿಂಡರ್ ತರುವವರೂ ದಿನವಿಡೀ ಅಪರಿಚಿತರ ಗೇಟುಗಳನ್ನು ತೆರೆಯುತ್ತಾರೆ. ಆ ಗೇಟಿನೊಳಗೆ ಏನಿದೆಯೆಂಬುದು ಅವರಿಗೆ ತಿಳಿಯದು. ಈ ಸಂಗತಿಯನ್ನು ನಾವೂ ಬಹುಕಾಲ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಮನೆಯಂಗಳದಲ್ಲಿಯೇ ನಡೆದ ಒಂದು ಪ್ರಸಂಗ.

ಅಂದು ಬೆಳಿಗ್ಗೆ ಮೀಟರ್ ಓದುವ ಹುಡುಗ ಗೇಟಿನ ಬಳಿ ನಿಂತು, "ನಾಯಿ ಇದೆಯಾ ಸಾರ್?" ಎಂದು ಕೇಳಿದ. ಪತ್ರಿಕೆಯಿಂದ ತಲೆಯೆತ್ತದೆ, "ಬಾರಪ್ಪಾ, ಅದು ಏನೂ ಮಾಡೋದಿಲ್ಲ" ಎಂದೆವು. ನಮ್ಮ ಮಾತನ್ನು ನಂಬಿ ಆತ ಒಳಗೆ ಬಂದ. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಗೆ ಬಗ್ಗಿದಾಗ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಯವರು ಅರಿಸಿನದ ಡಬ್ಬಿಗೆ ಓಡಿದರೆ, ಆ ಹುಡುಗನೇ ನಿಧಾನವಾಗಿ, "ಸೋಪು ಕೊಡಿ ಸಾರ್" ಎಂದ. ಅವನಿಗೆ ತಿಳಿದಿದ್ದುದು ನಮಗೆ ತಿಳಿದಿರಲಿಲ್ಲ. ನಾಯಿ ಕಚ್ಚಿದ ಗಾಯವನ್ನು ಒಡನೆಯೇ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾರದ ಪುಡಿ ಯಾವುದನ್ನೂ ಹಚ್ಚಲಾಗದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಅದಕ್ಕೆ ಮುನ್ನವೇ ಲಸಿಕೆ ಪಡೆದರೆ ರೋಗವನ್ನು ತಡೆಯಬಹುದು.

ನಮ್ಮ ನಾಯಿಯ ಚುಚ್ಚುಮದ್ದಿನ ಪುಸ್ತಕ ತೆರೆದು ನೋಡಿದರೆ ಅವಧಿ ಮೀರಿತ್ತು. ನಾಚಿಕೆಯಿಂದ ತಲೆ ತಗ್ಗಿತು. ಆ ಹುಡುಗನನ್ನು ಅಂದು ಮೊದಲ್ಗೊಂಡು ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಗಳಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಕೊನೆಯ ದಿನ ಆತ ಹೇಳಿದ್ದು ಒಂದೇ ಮಾತು: "ಮುಂದಿನ ತಿಂಗಳು ನಾಯಿ ಕಟ್ಟಿರ್ತೀರಲ್ವಾ ಸಾರ್?" ಸಾಕುಪ್ರಾಣಿಯ ವಿಷಯದಲ್ಲಿ ತೋರುವ ಅಲಕ್ಷ್ಯವು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಅಪರಾಧವೆಂಬುದನ್ನು ಆಮೇಲೆ ತಿಳಿದೆವು. ಆದರೆ ಆ ಕಲಮಿಗಿಂತ ಆ ಹುಡುಗನ ಪ್ರಶ್ನೆಯೇ ನಮ್ಮನ್ನು ಹೆಚ್ಚು ಚುಚ್ಚಿತು.

ಅಪಾಯವು ನಾಯಿಯೊಂದರಿಂದಲೇ ಬರುವುದಲ್ಲ. 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮೀಟರ್ ಓದುವವರು ಮನೆಮನೆಗೂ ಚೀಟಿ ಅಂಟಿಸಿದರು. ಅವರ ಹಿಂದೆ ಶಿಕ್ಷಕ ಶಿಕ್ಷಕಿಯರು ಪ್ರಶ್ನಾವಳಿ ಹಿಡಿದು ಬಂದರು. ನಾಯಿ ಕಡಿತ, ನಿಂದನೆ, ದುರ್ವರ್ತನೆಗಳ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದುದನ್ನು ಓದುಗರು ಮರೆತಿರಲಾರರು. ಹಾಗೆ ಬಾಗಿಲು ತಟ್ಟಿದವರಲ್ಲಿ ನಮ್ಮ ನಿಮ್ಮ ಮನೆಗಳ ಸೊಸೆಯಂದಿರೂ ಹೆಣ್ಣುಮಕ್ಕಳೂ ಇದ್ದರು.

ಲಂಡನ್ನಿನಲ್ಲಿ 1986ರ ಜುಲೈ ತಿಂಗಳಲ್ಲಿ ಸೂಝಿ ಲ್ಯಾಂಪ್ಲೂ ಎಂಬ 25 ವರ್ಷದ ತರುಣಿ, ಗಿರಾಕಿಯೊಬ್ಬನಿಗೆ ಮನೆ ತೋರಿಸಲು ಒಬ್ಬಳೇ ಹೋದವಳು ಹಿಂದಿರುಗಲಿಲ್ಲ. ದಿನಚರಿಯಲ್ಲಿ ಆಕೆ ಬರೆದಿಟ್ಟಿದ್ದ ಗಿರಾಕಿಯ ಹೆಸರಿನಿಂದ ಆತನಾರೆಂಬುದು ಪತ್ತೆಯಾಗಲಿಲ್ಲ. ಆಕೆಯ ತಂದೆತಾಯಿಗಳು ತಮ್ಮ ದುಃಖವನ್ನು ನುಂಗಿಕೊಂಡು, ಒಂಟಿಯಾಗಿ ದುಡಿಯುವವರ ರಕ್ಷಣೆಗಾಗಿ ಅದೇ ವರ್ಷ ಮಗಳ ಹೆಸರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಎಲ್ಲಿಗೆ ಹೋಗುತ್ತೇವೆ, ಯಾರ ಬಳಿಗೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಇನ್ನೊಬ್ಬರಿಗೆ ತಿಳಿಸಿ ಹೊರಡುವುದೇ ಇಂತಹ ಕೆಲಸದ ಮೊದಲ ಪಾಠ.

ಮನೆಮನೆಗೆ ಹೋಗುವ ಕಾಯಕದಲ್ಲಿರುವ ನಮ್ಮ ಮಕ್ಕಳಿಗೆ ಇನ್ನೂ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಗೇಟಿನ ಅಗುಳಿಯನ್ನು ಸದ್ದುಮಾಡಿ, ಕೂಗಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿರಿ. "ನಾಯಿ ಏನೂ ಮಾಡುವುದಿಲ್ಲ" ಎಂಬ ಮಾತನ್ನು ನಂಬದಿರಿ. ಕಟ್ಟಿದ ಮೇಲೆಯೇ ಒಳಗಡಿಯಿಡಿರಿ. ಮನೆಯೊಳಗೆ ಹೋಗಲೇಬೇಕಾದರೆ ಮನೆಯವರನ್ನು ಮುಂದೆ ಬಿಟ್ಟು, ತೆರೆದ ಬಾಗಿಲು ನಿಮ್ಮ ಬೆನ್ನಿಗಿರುವಂತೆ ನೋಡಿಕೊಳ್ಳಿರಿ. ಕುಡಿದವರೊಡನೆ, ಸಿಟ್ಟಾದವರೊಡನೆ ವಾದ ಬೇಡ. ಬಿಲ್ಲನ್ನು ನಾಳೆಯೂ ಕೊಡಬಹುದು. ಬಾಕಿಗಾಗಿ ಸಂಪರ್ಕ ಕಡಿಯುವ ದಿನ ಮಾತು ಬೆಳೆಯುವ ಸಂಭವ ಹೆಚ್ಚಾದ್ದರಿಂದ ಇಬ್ಬರಾಗಿ ಹೋಗುವುದು ಲೇಸು. ತೊಂದರೆ ಕಂಡ ಮನೆಯನ್ನು ಗುರುತು ಹಾಕಿ ಮೇಲಿನವರಿಗೆ ತಿಳಿಸಿರಿ. ಮುಂದಿನ ತಿಂಗಳು ಬರುವ ಹೊಸಬರಿಗೆ ಅದೇ ರಕ್ಷೆ. ಆಪತ್ತಿಗೆ 112 ಸಂಖ್ಯೆಯಿದೆ.

ಹೆಣ್ಣುಮಕ್ಕಳು ಇನ್ನೊಂದನ್ನು ಅರಿತಿರಬೇಕು. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಕಚೇರಿಯ ನಾಲ್ಕು ಗೋಡೆಗಳಿಗೆ ನಿಲ್ಲುವುದಿಲ್ಲ. ಕೆಲಸದ ನಿಮಿತ್ತ ಹೋದ ಮನೆಯೂ ಅದರ ದೃಷ್ಟಿಯಲ್ಲಿ ಕೆಲಸದ ಸ್ಥಳವೇ. ಅಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಒದಗಿಸುವುದು ಕೆಲಸ ಕೊಟ್ಟವರ ಹೊಣೆ. ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. "ಮರ್ಯಾದೆ ಹೋದೀತು" ಎಂದು ಮನೆಯವರೇ ಬಾಯಿ ಮುಚ್ಚಿಸುವುದು ತರವಲ್ಲ.

ಇನ್ನು ಗೃಹಸ್ಥರಾದ ನಮ್ಮ ಕರ್ತವ್ಯ. ಬಂದವರೆಲ್ಲರೂ ನಿಜವಾದ ನೌಕರರೇ ಆಗಿರಬೇಕೆಂದಿಲ್ಲ ಎಂಬ ಅಂಜಿಕೆ ಸಹಜವೇ. 2003ರ ವಿದ್ಯುಚ್ಛಕ್ತಿ ಕಾಯಿದೆಯ 163ನೆಯ ಕಲಮಿನಂತೆ ಅಧಿಕೃತ ನೌಕರರು ಯುಕ್ತವಾದ ವೇಳೆಯಲ್ಲಿ, ಮನೆಯವರಿಗೆ ತಿಳಿಸಿ ಒಳಗೆ ಬರಬಹುದು. ಗುರುತಿನ ಚೀಟಿ ಕೇಳುವುದು ಅವಮಾನವಲ್ಲ, ಅದನ್ನು ತೋರಿಸುವುದೂ ಅವಮಾನವಲ್ಲ. ಸಂಶಯವಿದ್ದರೆ, ಯಾರಾದರೂ ಕೈಗೆ ಹಣ ಕೇಳಿದರೆ, ಬೆಸ್ಕಾಂನ 1912 ಸಂಖ್ಯೆಗೆ ಕರೆಮಾಡಿ ವಿಚಾರಿಸಬಹುದು. ಆದರೆ ಸಂಶಯವು ಒರಟುತನಕ್ಕೆ ಪರವಾನಗಿಯಲ್ಲ. ಬಿಲ್ಲಿನ ಮೊತ್ತವನ್ನು ನಿಗದಿ ಮಾಡಿದವರು ಬಿಸಿಲಲ್ಲಿ ನಿಂತ ಆ ಹುಡುಗನಲ್ಲ, ಹುಡುಗಿಯಲ್ಲ.

ಬಿಲ್ಲು ಬರುವ ದಿನಗಳಲ್ಲಿ ನಾಯಿಯನ್ನು ಕಟ್ಟಿರಿ. ಅದಕ್ಕೆ ವರ್ಷವರ್ಷವೂ ಲಸಿಕೆ ಹಾಕಿಸಿರಿ. ಮೀಟರ್ ಪೆಟ್ಟಿಗೆಯ ಮುಂದೆ ಪೇರಿಸಿದ ಹಳೆಯ ಸಾಮಾನುಗಳನ್ನು ತೆಗೆದು, ಒಂದು ದೀಪ ಹಾಕಿಸಿರಿ. ಸಂಪಿನ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಒಮ್ಮೆ ನೋಡಿರಿ.

ನಮ್ಮ ಗೇಟಿಗೆ ಈಗ 'ನಾಯಿ ಇದೆ, ಗಂಟೆ ಒತ್ತಿರಿ' ಎಂಬ ಹಲಗೆ ತೂಗುತ್ತಿದೆ. ಗಂಟೆಯ ಸದ್ದಿಗೆ ನಾವೇ ಎದ್ದು ಹೋಗುತ್ತೇವೆ. ಮರುತಿಂಗಳು ಅದೇ ಹುಡುಗ ಬಂದ, ಹಲಗೆಯನ್ನು ಓದಿದ, ಕಟ್ಟಿದ್ದ ನಾಯಿಯನ್ನು ನೋಡಿದ, ನಕ್ಕ. ಒಂದು ಲೋಟ ಮಜ್ಜಿಗೆಯನ್ನು ಗೇಟಿನ ಬಳಿಯೇ ಕುಡಿದು ಮುಂದಿನ ಮನೆಗೆ ಹೋದ. ಅಲ್ಲಿಯೂ ನಾಯಿಯನ್ನು ಕಟ್ಟಿರಲಿ ಎಂಬುದೇ ಈ ತಿಂಗಳ ನಮ್ಮ ಬಿನ್ನಹ.