ಕಾಗೆಯೂ ಕೊಂಬೆಯೂ ಹಳೆಯ ಕಾರೂ

ಕೆಟ್ಟು ನಿಂತ ಕಾರು ಒಂದು ಬಗೆಯ ತಾಪತ್ರಯ. ಕೆಡುತ್ತಲೂ ಸರಿಹೋಗುತ್ತಲೂ ಇರುವ ಕಾರು ಅದಕ್ಕಿಂತ ದೊಡ್ಡ ತಾಪತ್ರಯ. ಮೊದಲನೆಯದನ್ನು ಮೆಕ್ಯಾನಿಕ್ಕನ ಅಂಗಳಕ್ಕೆ ತಳ್ಳಿಕೊಂಡು ಹೋಗಿ, "ಇದು ಹೊರಡುವುದಿಲ್ಲ, ನೋಡಪ್ಪ" ಎಂದು ಒಪ್ಪಿಸಿ ಬಂದರೆ ಮುಗಿಯಿತು. ಎರಡನೆಯದು ಹಾಗಲ್ಲ. ಮದುವೆಗೆ ಹೊರಟು ನಿಂತ ಬಂಧುಬಳಗದ ಎದುರು ಮೌನವ್ರತ ಹಿಡಿದ ವಾಹನ, ಮೆಕ್ಯಾನಿಕ್ಕನ ಮುಖ ಕಂಡೊಡನೆ ಒಂದೇ ತಿರುವಿಗೆ ಗುಡುಗಿ ಎದ್ದುಬಿಡುತ್ತದೆ, ವೈದ್ಯರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವಂತೆ. ಆಗ ಆತ ನಮ್ಮನ್ನು ನೋಡುವ ನೋಟದಲ್ಲಿ, ರೋಗ ಕಾರಿಗೋ ಅದರ ಯಜಮಾನನಿಗೋ ಎಂಬ ಸಂದೇಹ ಸ್ಪಷ್ಟವಾಗಿರುತ್ತದೆ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳ ಪಕ್ಕದ ಶೆಡ್ಡುಗಳಲ್ಲಿ ಇಂಥ ವಾಹನಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800ರದೂ ಅದೇ ವರ್ಷ. ಫಿಯೆಟ್ ವಂಶದ ಪದ್ಮಿನಿ ಅವಕ್ಕೂ ಹಿಂದೆಯೇ, ಶತಮಾನ ಮಗುಚುವ ಹೊತ್ತಿಗೆ, ತೆರೆಮರೆಗೆ ಸರಿಯಿತು. ಪದ್ಮಿನಿ ಹುಟ್ಟಿದ್ದು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಆ ಸಂಸ್ಥೆಯನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ನಮ್ಮೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ನಾಂದಿ ಹಾಡಿದವರು. ಆ ಲೆಕ್ಕದಲ್ಲಿ ಪದ್ಮಿನಿ ನಮಗೆ ತೀರ ಪರಕೀಯಳಲ್ಲ.

ಆದರೆ ಈ ಕಾರುಗಳ ಬಾಳು ಈಗ ತೂಗುಯ್ಯಾಲೆ. ಹದಿನೈದು ವರ್ಷ ಕಳೆದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಕ್ಕಳು "ಗುಜರಿಗೆ ಹಾಕಿ" ಎನ್ನುತ್ತಾರೆ. ಇಂಥ ಸಮಯದಲ್ಲಿ ಕಾರು ಒಂದು ಬೆಳಗ್ಗೆ ಹೊರಡಲೊಲ್ಲದೆ ನಿಂತರೆ, ಅದು ಕೇವಲ ಒಂದು ಕೆಡುಕಲ್ಲ. ಅದನ್ನು ಮನೆಯಿಂದ ಹೊರಹಾಕಲು ದೊರೆತ ಸಾಕ್ಷಿ.

ನಮ್ಮ ನೆರೆಯಲ್ಲಿ ನಿವೃತ್ತ ಹಿರಿಯರೊಬ್ಬರಿದ್ದಾರೆ, ರಾಯರೆಂದು ಕರೆಯೋಣ. ಅವರ ಪತ್ನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಆಕೆಗೆ ಬೆಟ್ಟ; ಆಟೋದ ಕುಲುಕಾಟ ಶಿಕ್ಷೆ. ವಾರಕ್ಕೆರಡು ಬಾರಿ ಮಂಡಿಯ ಚಿಕಿತ್ಸೆಗೆ, ಆಗೊಮ್ಮೆ ಈಗೊಮ್ಮೆ ಗಾಂಧಿಬಜಾರಿಗೆ, ದೇವಸ್ಥಾನಕ್ಕೆ ಆಕೆಯನ್ನು ಕರೆದೊಯ್ಯುವುದು ಮನೆಯ ಹಳೆಯ ಪದ್ಮಿನಿಯೇ. ಕಳೆದ ವರ್ಷ ಅದು ಮೇಲೆ ಹೇಳಿದ ಚಾಳಿ ಹಿಡಿಯಿತು. ಬೀಗದ ಕೈ ತಿರುಗಿಸಿದರೆ ಒಂದು "ಟಿಕ್" ಸದ್ದು, ಅಷ್ಟೇ. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು.

ಮೊದಲು ಬ್ಯಾಟರಿ ಬದಲಾಯಿತು. ಮೂರು ವಾರ ನಿಶ್ಚಿಂತೆ, ಮತ್ತೆ "ಟಿಕ್". ಸೆಲ್ಫ್ ಮೋಟಾರನ್ನು ಬಿಚ್ಚಿ ತೊಳೆದು ಹೊಸ ಕಾರ್ಬನ್ ಬ್ರಷ್ ಹಾಕಿದರು. ಒಂದು ತಿಂಗಳು ನಿಶ್ಚಿಂತೆ, ಮತ್ತೆ "ಟಿಕ್". ಬೀಗದ ಸ್ವಿಚ್ಚು ಹೊಸದಾಯಿತು. ಅದೂ ಹಾಗೆಯೇ. ವಿದೇಶದಲ್ಲಿರುವ ಮಗ ಫೋನಿನಲ್ಲಿ, "ಅಪ್ಪ, ಇನ್ನು ಸಾಕು, ಮಾರಿಬಿಡಿ" ಎಂದ. ರಾಯರ ಮನಸ್ಸೂ ಸೋಲತೊಡಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಗಾದೆ. ಸಂಸ್ಕೃತದವರು ಕೊಂಬೆಯ ಬದಲು ತಾಳೆಯ ಹಣ್ಣನ್ನು ಬೀಳಿಸಿ ಕಾಕತಾಳೀಯ ನ್ಯಾಯ ಎಂದರು. ಆಗಾಗ ಮಾತ್ರ ತಲೆದೋರುವ ದೋಷದ ಸ್ವಭಾವವೇ ಇದು: ಯಾವ ಚಿಕಿತ್ಸೆ ಮಾಡಿದರೂ ಮರುದಿನ ಅದು ಗುಣವಾದಂತೆ ತೋರುತ್ತದೆ. ಗುಣವಾದದ್ದಕ್ಕೆ ಆ ಹೊತ್ತಿನಲ್ಲಿ ಕೈಯಲ್ಲಿದ್ದ ಹೊಸ ಭಾಗಕ್ಕೆ ಕೀರ್ತಿ. ದೋಷ ಮರಳಿದಾಗ ಕಾರಿನ ಮುಪ್ಪಿಗೆ ಅಪಕೀರ್ತಿ. ಹೀಗೆ ಜೇಬು ಬರಿದಾಗುವುದಕ್ಕೆ ಯಾರೂ ಮೋಸ ಮಾಡಬೇಕಾಗಿಲ್ಲ.

ಇದಕ್ಕೆ ಮದ್ದೂ ನಮ್ಮ ತರ್ಕಶಾಸ್ತ್ರದಲ್ಲಿಯೇ ಇದೆ. ಕಾರಣವಿದ್ದಲ್ಲಿ ಕಾರ್ಯ ಉಂಟು ಎಂಬುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿಬಂದ ಮೇಲೆಯೇ ಇದು ಅದರ ಕಾರಣವೆಂದು ಹೇಳಬಹುದು. ಆದ್ದರಿಂದ ರಾಯರಿಗೆ ನಾನು ಹೇಳಿದ್ದು ಇಷ್ಟೇ: ಏನನ್ನೂ ಕೊಳ್ಳಬೇಡಿ, ಒಂದು ನೋಟುಪುಸ್ತಕ ಇಡಿ. ಕೆಟ್ಟಾಗ ಗಂಟೆ ಎಷ್ಟು, ಎಂಜಿನ್ ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಯಾವ ಸದ್ದು ಬಂತು ಎಂದು ಬರೆಯಿರಿ. ಸರಿಯಾಗಿ ಹೊರಟ ದಿನವನ್ನೂ ಬರೆಯಿರಿ. ವ್ಯತಿರೇಕ ಇರುವುದು ಅಲ್ಲಿ.

ಆ ಪುಸ್ತಕ ಉತ್ತರಿಸಬೇಕಾದ ಪ್ರಶ್ನೆಗಳನ್ನು ವಾಚಕರೂ ನೆನಪಿನಲ್ಲಿಡಬಹುದು. ಮೊದಲನೆಯದು: ಬೀಗದ ಕೈ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ? ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯೂ ಸೆಲ್ಫ್ ಮೋಟಾರೂ ಬಹುಮಟ್ಟಿಗೆ ನಿರಪರಾಧಿಗಳು. ಆಗ ಎರಡನೆಯ ಪ್ರಶ್ನೆ: ಪ್ಲಗ್ಗಿನಲ್ಲಿ ಕಿಡಿ ಇದೆಯೇ? ಬಿಸಿಯಾದಾಗ ಕಿಡಿ ಸತ್ತು ತಣಿದಾಗ ಮರಳುವುದು ಹಳೆಯ ಕಾಯಿಲು ಮತ್ತು ಕಂಡೆನ್ಸರುಗಳ ಹಳೆಯ ಗುಣ. ಒಳಗಿನ ಕೂದಲೆಳೆಯಂಥ ತಂತಿ ಶಾಖಕ್ಕೆ ಹಿಗ್ಗಿ ಅಗಲುತ್ತದೆ, ತಂಪಿಗೆ ಕೂಡಿಕೊಳ್ಳುತ್ತದೆ. ಪೆಟ್ರೋಲಿನ ಆವಿಯ ನಡುವೆ ಕಿಡಿ ಪರೀಕ್ಷಿಸುವುದು ಅಪಾಯ. ಅದನ್ನು ಬಲ್ಲವರಿಗೆ ಬಿಡುವುದು ಲೇಸು.

ಕಿಡಿ ಇದ್ದೂ ಹೊರಡದಿದ್ದರೆ ಮೂರನೆಯ ಪ್ರಶ್ನೆ: ಪೆಟ್ರೋಲ್ ತಲುಪುತ್ತಿದೆಯೇ? ಹಳೆಯ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಬಿಸಿ ಎಂಜಿನ್ ನಿಲ್ಲಿಸಿದ ಹತ್ತು ಇಪ್ಪತ್ತು ನಿಮಿಷದಲ್ಲಿ ಅದರ ಶಾಖ ಪಂಪಿಗೂ ಕೊಳವೆಗೂ ಏರಿ, ಒಳಗಿನ ಪೆಟ್ರೋಲ್ ಕುದ್ದು ಆವಿಯಾಗಿ ದಾರಿ ಕಟ್ಟುತ್ತದೆ. ಹಳೆಯ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮೂರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಕುದಿಯುವುದು ಇನ್ನಷ್ಟು ಸುಲಭ. ಇದರ ಜೊತೆಗೆ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಹಿಂದಿನ ಪೆಟ್ರೋಲಿಗೆಂದು ಮಾಡಿದ ಹಳೆಯ ರಬ್ಬರ್ ಕೊಳವೆಗಳನ್ನು ಅದು ಸಡಿಲಿಸಬಲ್ಲದು. ಅವನ್ನೂ ಒಮ್ಮೆ ನೋಡಿಸಬೇಕು.

ರಾಯರ ಕಾರು ಮೊದಲನೆಯ ಪ್ರಶ್ನೆಯಲ್ಲಿಯೇ ನಿಂತಿತು: ಎಂಜಿನ್ ತಿರುಗುತ್ತಲೇ ಇರಲಿಲ್ಲ. ಹಾಲಿನ ಲೆಕ್ಕ, ತರಕಾರಿಯ ಲೆಕ್ಕ ಬರೆದ ಕೈ ಅವರ ಪತ್ನಿಯದು. ನೋಟುಪುಸ್ತಕವನ್ನೂ ಆಕೆಯೇ ವಹಿಸಿಕೊಂಡರು. ಎರಡು ತಿಂಗಳ ಬಳಿಕ ಅದನ್ನು ನನ್ನ ಮುಂದಿಟ್ಟು, "ಮೇಷ್ಟ್ರೇ, ಒಂದು ವಿಷಯ ನೋಡಿ. ಗಾಂಧಿಬಜಾರಿನಲ್ಲಿ ಸಂಜೆ ಕೆಟ್ಟಾಗ ದೀಪ ಹಾಕಿದ್ದೆವು. ಎದುರಿನ ಅಂಗಡಿಯ ಬಾಗಿಲ ಮೇಲೆ ಬಿದ್ದ ಬೆಳಕು ಇವರು ಕೀ ತಿರುಗಿಸಿದರೂ ಒಂದಿಷ್ಟೂ ಮಂಕಾಗಲಿಲ್ಲ. ಎರಡು ಸಲ ನೋಡಿದೆ" ಎಂದರು.

ಇಡೀ ಪ್ರಕರಣದ ಬೀಗದ ಕೈ ಈ ಮಾತಿನಲ್ಲಿತ್ತು. ಬ್ಯಾಟರಿ ಸೋತಿದ್ದರೆ, ಸೆಲ್ಫ್ ಎಳೆಯುವಾಗ ದೀಪ ಕುಗ್ಗಲೇಬೇಕು. ದೀಪ ಕುಗ್ಗಲಿಲ್ಲವೆಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ. ಅದು ಮೋಟಾರಿನ ಮೂಲಕ ಹರಿಯುವ ದಾರಿ ಎಲ್ಲೋ ಮುರಿದಿದೆ. ವಿದ್ಯುತ್ತಿಗೆ ಹೋಗುವ ದಾರಿಯಂತೆ ಮರಳುವ ದಾರಿಯೂ ಬೇಕು. ದೀಪಗಳ ವಿದ್ಯುತ್ತು ಕಾರಿನ ಮೈಯ ಮೂಲಕ ಮರಳುತ್ತದೆ. ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಅದನ್ನು ಕಾರಿನ ಮೈಗೆ ಸೇರಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ ಮಾತ್ರ. ಮೆಕ್ಯಾನಿಕ್ಕರು ಅದನ್ನು ಅರ್ತ್ ಪಟ್ಟಿ ಎನ್ನುತ್ತಾರೆ. ಸೆಲ್ಫ್ ಮೋಟಾರು 100 ಆಂಪಿಯರಿಗೂ ಮಿಕ್ಕಿ ವಿದ್ಯುತ್ತು ಬೇಡುತ್ತದೆ. ದಾರಿಯಲ್ಲಿ ಒಂದು ಓಮಿನ ಇಪ್ಪತ್ತರಲ್ಲೊಂದು ಪಾಲು ತಡೆಯಿದ್ದರೂ ಅಲ್ಲಿಯೇ 5 ವೋಲ್ಟ್ ಸೋರಿಹೋಗುತ್ತದೆ, ಇರುವುದೇ 12.

ಪುಸ್ತಕ ಹಿಡಿದು ಮೆಕ್ಯಾನಿಕ್ಕನಲ್ಲಿಗೆ ಹೋದೆವು. ಆತ ಓದಿ ನಕ್ಕು, "ಹೀಗೆ ಬರಕೊಂಡು ಬಂದರೆ ನಮಗೂ ಕೆಲಸ ಸುಲಭ ಸಾರ್" ಎಂದ. ಕಾರು ಕೆಟ್ಟ ಗಳಿಗೆಗಾಗಿಯೇ ಕಾದು, ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಬೀಗದ ಕೈ ತಿರುಗಿಸಿದ. ಅರ್ಧ ವೋಲ್ಟಿಗೂ ಕಡಿಮೆ ಇರಬೇಕಾದಲ್ಲಿ ಮುಳ್ಳು ಏಳನ್ನು ದಾಟಿತು. ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು. ತಾಮ್ರದ ಎಳೆಗಳಲ್ಲಿ ಅರ್ಧ ತುಂಡು. ಎಂಜಿನ್ ಒಂದೊಂದು ಬಾರಿ ಒಂದೊಂದು ರೀತಿ ಅಲುಗಿ ನಿಂತಂತೆ ಆ ಎಳೆಗಳು ಕೂಡುತ್ತಲೂ ಅಗಲುತ್ತಲೂ ಇದ್ದವು. ಹಿಂದಿನ ಚಿಕಿತ್ಸೆಗಳು ಕೆಲವು ದಿನ ಫಲ ಕೊಟ್ಟದ್ದೂ ಈಗ ಅರ್ಥವಾಯಿತು: ಪ್ರತಿ ಬಾರಿ ಬಾನೆಟ್ಟಿನ ಕೆಳಗೆ ಕೈಯಾಡಿಸಿ ಬಿಚ್ಚಿ ಬಿಗಿಯುವಾಗ ಪಟ್ಟಿ ತುಸು ಸರಿದು ಲೋಹಕ್ಕೆ ಲೋಹ ತಗಲುತ್ತಿತ್ತು. ಕಾಗೆ ಕೂತದ್ದು ನಿಜ. ಕೊಂಬೆ ಮುರಿದದ್ದು ಬೇರೆ ಕಾರಣಕ್ಕೆ.

ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಪಟ್ಟಿ ಬಂತು. ಅದರ ಬೆಲೆ ಹೊಸ ಬ್ಯಾಟರಿಯ ಬೆಲೆಯ ಹತ್ತರಲ್ಲೊಂದು ಪಾಲೂ ಇರಲಿಲ್ಲ. ತುಕ್ಕು ಉಜ್ಜಿ ಬಿಗಿದ ಮೇಲೆ ಮೀಟರಿನ ಮುಳ್ಳು ಅರ್ಧದ ಒಳಗೇ ನಿಂತಿತು. ಆದರೂ ರಾಯರ ಪತ್ನಿ ಬರೆಯುವುದನ್ನು ನಿಲ್ಲಿಸಲಿಲ್ಲ; ಇನ್ನೂ ಮೂರು ತಿಂಗಳು ಬರೆದರು. ಕೆಟ್ಟ ದಿನ ಒಂದೂ ಬರಲಿಲ್ಲ. ವ್ಯತಿರೇಕ ಸಿದ್ಧವಾಯಿತು.

ಹಳೆಯ ಕಾರುಗಳನ್ನೆಲ್ಲ ಉಳಿಸಿಕೊಳ್ಳಬೇಕೆಂದು ನನ್ನ ವಾದವಲ್ಲ. ಅವುಗಳ ಹೊಗೆ, ಅವುಗಳ ಖರ್ಚು, ಬಿಡಿಭಾಗದ ಅಭಾವ, ಇವೆಲ್ಲ ನಿಜವಾದ ಕಾರಣಗಳೇ. ರಾಯರೂ ಮುಂದೊಂದು ದಿನ ಪದ್ಮಿನಿಯನ್ನು ಬೀಳ್ಕೊಡಬಹುದು. ಆದರೆ ಆ ತೀರ್ಮಾನ ತಿಳಿದು ಮಾಡಿದ್ದಾಗಲಿ. ವಯಸ್ಸಾಯಿತು ಎಂಬ ಒಂದೇ ಮಾತಿನಿಂದ ಕಾರಿನ ಕಾಯಿಲೆಗೂ ಮನುಷ್ಯರ ಕಾಯಿಲೆಗೂ ನಾವು ತೀರ್ಪು ಬರೆದುಬಿಡುತ್ತೇವೆ. ಬೋಲ್ಟಿನ ಕೆಳಗಿನ ತುಕ್ಕನ್ನು ನೋಡುವ ತಾಳ್ಮೆ ನಮಗಿರುವುದಿಲ್ಲ. ಕಾರನ್ನು ಮಾರುವುದಾದರೆ ಮಾರೋಣ; ಅದು ಮಾಡದ ತಪ್ಪಿಗಾಗಿ ಮಾತ್ರ ಬೇಡ.