ಮೇಳದಲ್ಲಿ ಕೇಳಬೇಕಾದದ್ದು ಮಳಿಗೆ, ನಿಷೇಧವಲ್ಲ

ಮೈಸೂರು ದಸರಾ, ಶ್ರೀರಂಗಪಟ್ಟಣದ ದಸರಾ, ಚಾಮರಾಜನಗರದ ದಸರಾ, ಬನವಾಸಿಯ ಕದಂಬೋತ್ಸವ, ಗದಗ ಜಿಲ್ಲೆಯ ಲಕ್ಕುಂಡಿ ಉತ್ಸವ, ಕಿತ್ತೂರು ಉತ್ಸವ, ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಹೀಗೆ ನಮ್ಮ ರಾಜ್ಯದಲ್ಲಿ ಈಗ ಊರೂರಿಗೂ ಒಂದು ಉತ್ಸವವಿದೆ. ಹಾಡು ಕುಣಿತಕ್ಕೆ ವೇದಿಕೆ, ಊರಿನ ಇತಿಹಾಸಕ್ಕೆ ಪ್ರದರ್ಶನ, ಹೊಟ್ಟೆಗೆ ಆಹಾರ ಮೇಳ. ಜನ ಹೆಚ್ಚು ಸೇರುವುದು ಊಟದ ಮಳಿಗೆಗಳ ಮುಂದೆ. ಇತ್ತೀಚಿನ ವರ್ಷಗಳಲ್ಲಿ ಜಗಳ ಹುಟ್ಟುತ್ತಿರುವುದೂ ಅಲ್ಲಿಯೇ.

ಈ ಉತ್ಸವಗಳಲ್ಲಿ ಜೈನ ಸಮಾಜದ ಪಾಲು ಸಣ್ಣದಲ್ಲ. ಲಕ್ಕುಂಡಿ ಉತ್ಸವ ಎಂದೊಡನೆ ನೆನಪಾಗುವುದು ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ. ಅಲ್ಲಿನ ಶಾಸನದ ಕಾಲ ಕ್ರಿ.ಶ. 1007. ಮೂಡುಬಿದಿರೆಗೆ ಬಂದವರು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡದೆ ಹೋಗುವುದಿಲ್ಲ. ಕಲ್ಲಿನಲ್ಲಿ ಇಷ್ಟು ದೊಡ್ಡ ಪಾಲು ಇರುವ ಸಮಾಜ ಎಲೆಯ ಮೇಲೆ ಮಾತ್ರ ಕಾಣಿಸುವುದು ಅಪರೂಪ. ಕಾರಣ ಸರಳ. ಮೇಳದ ವ್ಯಾಪಾರ ಏರುವುದು ದೀಪ ಹೊತ್ತಿದ ಮೇಲೆ. ಸೂರ್ಯಾಸ್ತದ ನಂತರ ಊಟ ಬಿಟ್ಟವರಿಗೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಗಲಿನಲ್ಲಿ ಹೋದರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ತಿಂಡಿ ಹುಡುಕಬೇಕು. ಹಾಗಾಗಿ ಅನೇಕ ಕುಟುಂಬಗಳು ಮೇಳದ ಕಡೆಗೇ ಹೋಗುವುದಿಲ್ಲ. ಹೋದವರು ಕಬ್ಬಿನ ಹಾಲು ಕುಡಿದು ಹಿಂತಿರುಗುತ್ತಾರೆ.

ಇಂಥ ಸ್ಥಿತಿಯಲ್ಲಿ ಸಮಾಜದ ಸಭೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಮೇಳಗಳಲ್ಲಿ ಮಾಂಸಾಹಾರಕ್ಕೆ ಅವಕಾಶ ಕೊಡಬಾರದೆಂದು ಮನವಿ ಸಲ್ಲಿಸೋಣ ಎಂಬುದು ಒಂದು. ನಮ್ಮದೇ ಮಳಿಗೆ ಹಾಕೋಣ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಧರ್ಮಕ್ಕೂ ವ್ಯವಹಾರಕ್ಕೂ ಒಪ್ಪುವಂಥದ್ದು ಎಂಬುದನ್ನು ತೂಗಿ ನೋಡುವ ಕಾಲ ಬಂದಿದೆ.

ಮಂಡ್ಯದ ಪಾಠ

2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿನ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲಿಯೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಲಾಗಿತ್ತು. ಮನೆಯಲ್ಲಿ ತಲೆತಲಾಂತರದಿಂದ ಉಣ್ಣುವ ಊಟವನ್ನು ಹೆಂಡದ ಪಕ್ಕದಲ್ಲಿಟ್ಟದ್ದು ಬಹಳ ಜನರಿಗೆ ನೋವು ತಂದಿತು. ಬಾಡೂಟದ ಬೇಡಿಕೆ ಎದ್ದಿತು, ಪ್ರತಿಭಟನೆಗಳಾದವು. ಸಾಹಿತ್ಯ ಗೋಷ್ಠಿಗಳಿಗಿಂತ ಊಟದ ಚರ್ಚೆಯೇ ಜೋರಾಯಿತು. ಆ ನಿಯಮದಿಂದ ಒಂದು ಜೀವವಾದರೂ ಉಳಿಯಿತೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. ಸಸ್ಯಾಹಾರದ ಬಗ್ಗೆ ಕಹಿ ಮಾತ್ರ ಹೆಚ್ಚಿತು.

ಮೈಸೂರು ದಸರಾದ ಆಹಾರ ಮೇಳದ ದಾರಿ ಬೇರೆ. ಅಲ್ಲಿ ಸಸ್ಯಾಹಾರದ ಮಳಿಗೆಗಳೂ ಇರುತ್ತವೆ, ಮಾಂಸಾಹಾರದ ಮಳಿಗೆಗಳೂ ಇರುತ್ತವೆ. ಕಾಡಿನ ಅಂಚಿನ ಬುಡಕಟ್ಟು ಜನರು ಬಿದಿರಿನ ಬೊಂಬಿನಲ್ಲಿ ಬೇಯಿಸಿ ಕೊಡುವ ಬಂಬೂ ಬಿರಿಯಾನಿಗೆ ಉದ್ದ ಸಾಲು ನಿಲ್ಲುತ್ತದೆ. ಆ ಹತ್ತು ದಿನದ ದುಡಿಮೆ ಅವರ ಮನೆಗೆ ದೊಡ್ಡ ಆಸರೆ. ಅದನ್ನು ನಿಲ್ಲಿಸಿ ಎಂದು ಅರ್ಜಿ ಕೊಡುವ ಮೊದಲು ಆ ಕುಟುಂಬಗಳನ್ನೂ ನೆನೆಯಬೇಕಾಗುತ್ತದೆ.

ಅಶೋಕಪುರಂ ಹೇಳುವ ಮಾತು

ಈ ಪ್ರಶ್ನೆಯನ್ನು ಮೈಸೂರಿನ ಅಶೋಕಪುರಂನಲ್ಲಿ ನಿಂತು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ನಂಜನಗೂಡು, ಚಾಮರಾಜನಗರದ ಕಡೆಗೆ ಹೋಗುವ ರೈಲು ಇಲ್ಲಿಯ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಬಡಾವಣೆಯ ಬಹುಪಾಲು ಜನ ದಲಿತ ಸಮುದಾಯದವರು. ಅಂಬೇಡ್ಕರ್ ವಿಚಾರ ಇಲ್ಲಿ ಆಳವಾಗಿ ಬೇರೂರಿದೆ. ಏಪ್ರಿಲ್ 14 ಇಲ್ಲಿ ಮನೆಮನೆಯ ಹಬ್ಬ.

2022ರಲ್ಲಿ ಅಂಬೇಡ್ಕರ್ ಜಯಂತಿ ಮತ್ತು ಮಹಾವೀರ ಜಯಂತಿ ಎರಡೂ ಒಂದೇ ದಿನ, ಏಪ್ರಿಲ್ 14ರಂದು ಬಂದವು. ಮಹಾವೀರ ಜಯಂತಿಯಂದು ಮಾಂಸ ಮಾರಾಟ ನಿಲ್ಲಿಸುವ ಆದೇಶಗಳು ಬೆಂಗಳೂರಿನಂಥ ನಗರಗಳಲ್ಲಿ ಹೊರಡುವುದುಂಟು. ಒಬ್ಬರ ವ್ರತದ ದಿನವೇ ಇನ್ನೊಬ್ಬರ ಹಬ್ಬದೂಟದ ದಿನವೂ ಆಗಬಹುದು ಎಂಬುದಕ್ಕೆ ಆ ವರ್ಷದ ಪಂಚಾಂಗಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನವರಾತ್ರಿಯಲ್ಲಿಯೂ ಹೀಗೆಯೇ. ಅರಮನೆಗೆ ಅದು ಜಂಬೂಸವಾರಿಯ ಕಾಲ. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ಅವರ ಅನುಯಾಯಿಗಳಿಗೆ ವಿಜಯದಶಮಿ ಆ ದೀಕ್ಷೆಯ ನೆನಪು. ಜೈನರಿಗೆ ನವರಾತ್ರಿಯ ಅಷ್ಟಮಿ ಜೀವದಯಾಷ್ಟಮಿ. ಜನ್ನ ಕವಿಯ ಯಶೋಧರ ಚರಿತೆಯ ಕಥೆ ಈ ನೋಂಪಿಗೆ ಸೇರಿದ್ದು. ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿ ಎಂಬ ಮಕ್ಕಳು ತಮ್ಮ ಹಿಂದಿನ ಭವಗಳ ಕಥೆ ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪವೇ ಎಷ್ಟು ಜನ್ಮ ಕಾಡಿತೆಂದು ಕೇಳಿದ ಮಾರಿದತ್ತ ರಾಜನ ಕೈಯ ಕತ್ತಿ ತಾನಾಗಿಯೇ ಇಳಿಯುತ್ತದೆ. ಆ ಮಕ್ಕಳ ಬಳಿ ಆಜ್ಞೆ ಹೊರಡಿಸುವ ಅಧಿಕಾರವಿರಲಿಲ್ಲ. ಕಥೆಯೊಂದೇ ಇತ್ತು, ಅದೇ ಸಾಕಾಯಿತು.

ಬಡಾವಣೆಗೆ ಯಾರ ಹೆಸರಿದೆಯೋ ಆ ಅಶೋಕ ಚಕ್ರವರ್ತಿಯೂ ಇದನ್ನು ಕಂಡುಕೊಂಡಿದ್ದ. ಅವನ ಮೊದಲನೆಯ ಬಂಡೆ ಶಾಸನದಲ್ಲಿ ಬಲಿಯ ನಿಷೇಧವೂ ಇದೆ, ತನ್ನ ಅಡುಗೆಮನೆಯ ಲೆಕ್ಕವೂ ಇದೆ: ಮೊದಲು ದಿನಕ್ಕೆ ಲಕ್ಷಾಂತರ ಪ್ರಾಣಿಗಳು, ಈಗ ಎರಡು ನವಿಲು, ಒಂದು ಜಿಂಕೆ, ಮುಂದೆ ಅವೂ ಇಲ್ಲ ಎಂದು. ಆದರೆ ಆಳ್ವಿಕೆಯ ಕೊನೆಯ ವರ್ಷಗಳ ಏಳನೆಯ ಸ್ತಂಭ ಶಾಸನದಲ್ಲಿ ಅವನು ತೂಗಿ ಹೇಳುವುದು ಬೇರೆ. ಕಟ್ಟಳೆಯಿಂದ ಆದದ್ದು ಸ್ವಲ್ಪ, ಮನವೊಲಿಕೆಯಿಂದ ಆದದ್ದು ಹೆಚ್ಚು ಎಂಬುದು ಅದರ ಸಾರ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಹನ್ನೆರಡನೆಯ ಶಾಸನ, ಪರರ ಧರ್ಮವನ್ನು ಗೌರವಿಸಿದವನೇ ತನ್ನ ಧರ್ಮವನ್ನು ಬೆಳೆಸುತ್ತಾನೆ ಎನ್ನುತ್ತದೆ.

ಎದುರು ವಾದ

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಪರ್ಯೂಷಣದ ಒಂಬತ್ತು ದಿನ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹಾಗಿರುವಾಗ ಕೇಳುವುದರಲ್ಲಿ ತಪ್ಪೇನು ಎನ್ನುವವರಿದ್ದಾರೆ. ಕೇಳುವ ದಾರಿ ಇದೆ, ನಿಜ. ಆದರೆ ಕೋರ್ಟು ಒಪ್ಪಿದ ಮಾತ್ರಕ್ಕೆ ನೆರೆಯವರು ಒಪ್ಪಿದಂತಾಗುವುದಿಲ್ಲ. ಅಂಗಡಿ ಇಟ್ಟು ಬದುಕುವವರಿಗೆ ಇದು ಚೆನ್ನಾಗಿ ಗೊತ್ತು: ಕಟ್ಟುಪಾಡಿಗೆ ಬಂದ ಗಿರಾಕಿ ಒಮ್ಮೆ ಬರುತ್ತಾನೆ, ಮನಸ್ಸಿಗೆ ಬಂದವನು ಮತ್ತೆ ಮತ್ತೆ ಬರುತ್ತಾನೆ.

ಕ್ಷೇತ್ರದ ಆವರಣದ ಮಾತು ಬೇರೆ. ಶ್ರವಣಬೆಳಗೊಳದ ಬೆಟ್ಟವಿರಲಿ, ಮೈಸೂರಿನ ಬಳಿಯ ಗೊಮ್ಮಟಗಿರಿ ಇರಲಿ, ಮಲೆಯೂರಿನ ಕನಕಗಿರಿ ಇರಲಿ, ಬಸದಿಯ ಅಂಗಳದಲ್ಲಿ ಬಸದಿಯ ನಿಯಮವೇ ನಡೆಯಬೇಕು. ಅದರಲ್ಲಿ ಸಡಿಲಿಕೆಯ ಪ್ರಶ್ನೆಯಿಲ್ಲ. ಎಲ್ಲರ ತೆರಿಗೆಯ ಹಣದಲ್ಲಿ ಎಲ್ಲರ ಮೈದಾನದಲ್ಲಿ ನಡೆಯುವ ಮೇಳಕ್ಕೆ ಆ ನಿಯಮ ಹೊಂದುವುದಿಲ್ಲ. ಅಲ್ಲಿ ಕೇಳಬಹುದಾದದ್ದು ಬೇರೆ ಸಾಲು, ಬೇರೆ ನೀರಿನ ವ್ಯವಸ್ಥೆ, ಹಗಲು ಹೊತ್ತಿನ ಅವಕಾಶ. ಇಷ್ಟನ್ನು ಯಾವ ಸಮಿತಿಯೂ ಸುಲಭವಾಗಿ ನಿರಾಕರಿಸಲಾರದು.

ಮಳಿಗೆ ಹೇಗಿರಬೇಕು

ಮಳಿಗೆ ಹಾಕುವುದು ಮಾತಿನಷ್ಟು ಸುಲಭವಲ್ಲ. ಬಾಡಿಗೆ, ಅಡುಗೆಯವರ ಕೂಲಿ, ಉಳಿದು ಹಾಳಾಗುವ ಸಾಮಾನು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಬ್ಬರ ಮೇಲೆ ಬಿದ್ದರೆ ನಷ್ಟ, ಹತ್ತು ಮನೆಯವರು ಹಂಚಿಕೊಂಡರೆ ಸೇವೆ. ನವರಾತ್ರಿಯ ದಿನಗಳಲ್ಲಿ ಮೈಸೂರಿನಲ್ಲಿ ಸೂರ್ಯಾಸ್ತ ಸಂಜೆ 6ರ ಆಸುಪಾಸು. ಬೆಳಿಗ್ಗೆ ತೆರೆದು ಆ ಹೊತ್ತಿಗೆ ಒಲೆ ಆರಿಸಿದರೆ ಅದೇ ಒಂದು ಪ್ರಚಾರ. ಜನ ಜೋರಾಗಿರುವ ಹೊತ್ತಿನಲ್ಲಿ ಈ ಮಳಿಗೆ ಏಕೆ ಮುಚ್ಚಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳಲು ಒಬ್ಬ ಯುವಕ ಅಲ್ಲಿ ಕುಳಿತಿರಲಿ.

ತಿಂಡಿಗೆ ದೂರ ಹೋಗಬೇಕಿಲ್ಲ. ಭೌಗೋಳಿಕ ಗುರುತು ಪಡೆದ ನಂಜನಗೂಡು ರಸಬಾಳೆ ಅಶೋಕಪುರಂನಿಂದ ಹೊರಟ ರೈಲಿನ ದಾರಿಯಲ್ಲಿಯೇ ಇದೆ. ಮೈಸೂರು ಪಾಕಿಗೆ ಬೇಕಾದದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ. ಅದರಲ್ಲಿ ಜೈನರಿಗೆ ವರ್ಜ್ಯವಾದದ್ದೇನಿಲ್ಲ. ಆಲೂಗಡ್ಡೆಯ ಬದಲು ಬಾಳೆಕಾಯಿ ಬಜ್ಜಿ, ಈರುಳ್ಳಿ ಬೆಳ್ಳುಳ್ಳಿಯ ಬದಲು ಇಂಗಿನ ಒಗ್ಗರಣೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಮತ್ತು ಕಾಳಿನ ಪಲ್ಯ, ಕರಾವಳಿಯ ತಂಬುಳಿ ಒಂದೇ ಮಳಿಗೆಯಲ್ಲಿ ಸಿಕ್ಕರೆ ಕರ್ನಾಟಕದ ಜೈನರ ಅಡುಗೆ ಎಷ್ಟು ಬಗೆಯದು ಎಂಬುದು ನಮ್ಮ ಮಕ್ಕಳಿಗೂ ತಿಳಿಯುತ್ತದೆ. ಯಾವ ತಿಂಡಿಯಲ್ಲಿ ಏನಿದೆ, ಏನಿಲ್ಲ, ಏಕಿಲ್ಲ ಎಂದು ನಾಲ್ಕು ಸಾಲಿನ ಫಲಕ ಇರಲಿ. ಪಕ್ಕದ ಸಾಲಿನವರು ಏನು ಬೇಯಿಸುತ್ತಿದ್ದಾರೆ ಎಂಬ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಬೇಡ.

ದಸರಾ ಇಂದು ಇಷ್ಟು ದೊಡ್ಡದಾಗಿದ್ದರೂ ಒಡೆಯರ ಕಾಲದಲ್ಲಿ ಅದು ಆರಂಭವಾದದ್ದು 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಸಣ್ಣ ಊರಿನ ಉತ್ಸವಗಳು ಬೆಳೆಯುತ್ತವೆ. ಬೆಳೆಯುವಾಗ ಜೊತೆಗಿದ್ದವರ ಹೆಸರು ಅದರಲ್ಲಿ ಉಳಿಯುತ್ತದೆ, ದೂರು ಕೊಟ್ಟವರ ಹೆಸರು ಕಡತದಲ್ಲಿ ಉಳಿಯುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನವೂ ಒಂದು. ಮುಂದಿನ ಮೇಳಕ್ಕೆ ಮಳಿಗೆಗಳ ಅರ್ಜಿ ಕರೆಯುವ ವೇಳೆಗೆ ಪ್ರತಿ ಊರಿನ ಸಮಾಜ ಬಾಂಧವರು ಒಂದು ಸಭೆ ಸೇರಿ, ಹತ್ತು ಮನೆಗಳ ಪಟ್ಟಿ ಮಾಡಿಕೊಂಡರೆ ಸಾಕು. ಮನವಿ ಪತ್ರಕ್ಕಿಂತ ಅದು ಕಡಿಮೆ ಕೆಲಸವೇನಲ್ಲ, ಫಲ ಮಾತ್ರ ಹೆಚ್ಚು.